ಶನಿವಾರದ ಮೊಳಕೆ

ಹೋದ ತಿಂಗಳು ನಮ್ಮ ಅಕ್ಕಾರು ತೀರಿಕೊಂಡರು. ನಿವೃತ್ತಿಯಾದ ಮೇಲೆ ಅವರು ಕಾರಟಗಿಯಲ್ಲಿ ತಮ್ಮನ ಮನೆಯಲ್ಲಿದ್ದರು. ಸುದ್ದಿ ನನಗೆ ತಲುಪುವಷ್ಟರಲ್ಲಿ ಮಣ್ಣು ಮುಗಿದು ಮೂರು ದಿನವಾಗಿತ್ತು.

ನಮ್ಮದು ಬೀಜದ ಕಂಪನಿ. ಅದರ ಕೊಪ್ಪಳದ ಆಫೀಸಿನಲ್ಲಿ ಅಕ್ಕಾರು ಹತ್ತೊಂಬತ್ತು ವರ್ಷ ಕೆಲಸ ಮಾಡಿದರು. ಆಫೀಸಿನ ಕಂಪ್ಯೂಟರುಗಳೆಲ್ಲ ಅವರ ಕೈಯಲ್ಲೇ ಇದ್ದವು. ಆದರೆ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೊನೆಯ ದಿನದವರೆಗೂ ಟೈಪಿಸ್ಟ್ ಎಂದೇ ಇತ್ತು. ಟೈಪ್‌ರೈಟರನ್ನು ಗುಜರಿಗೆ ಹಾಕಿ ಹತ್ತು ವರ್ಷವಾದ ಮೇಲೂ ಅದು ಬದಲಾಗಲಿಲ್ಲ. ಹಾಗೆ ಉಳಿದದ್ದಕ್ಕೆ ಕಾರಣ ನಾನು. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಆದರೆ ಮೊದಲು ಅವರು ಎಂಥವರು ಎಂಬುದನ್ನು ಹೇಳಬೇಕು. ಇಲ್ಲದಿದ್ದರೆ ನಾನು ಮಾಡಿದ್ದರ ತೂಕ ಯಾರಿಗೂ ತಿಳಿಯುವುದಿಲ್ಲ.

ಅಕ್ಕಾರು ಕುಳ್ಳಗಿದ್ದರು. ಕನ್ನಡಕಕ್ಕೆ ಕರಿ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಉಳಿದ ಹೆಂಗಸರು ತುರುಬಿಗೆ ಮಲ್ಲಿಗೆ ಮುಡಿದರೆ ಇವರ ತುರುಬಿನಲ್ಲಿ ಒಂದು ಸಣ್ಣ ಸ್ಕ್ರೂಡ್ರೈವರ್ ಇರುತ್ತಿತ್ತು. ಯಾವುದಾದರೂ ಕಂಪ್ಯೂಟರ್ ಮುಂದೆ ಕೂತರೆ ಮೊದಲು ಕೈ ತುರುಬಿಗೆ ಹೋಗುವುದು, ಆಮೇಲೆ ಕನ್ನಡಕಕ್ಕೆ. ಅವರ ತಂದೆ ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಮಿಸ್ತ್ರಿಯಾಗಿದ್ದವರು. ಯಂತ್ರದ ಮೇಲೆ ಅಂಗೈ ಇಟ್ಟು ಅದರ ನಡುಕ ನೋಡುವ ಅಭ್ಯಾಸ ಅವರಿಂದ ಬಂದದ್ದಂತೆ. ಕಾಲುವೆ ಸೀಮೆಯಲ್ಲಿ ಆಂಧ್ರದ ರೈತರು ಬಂದು ನೆಲೆಸಿದ ಕ್ಯಾಂಪುಗಳ ನಡುವೆ ಬೆಳೆದದ್ದರಿಂದ ತೆಲುಗು ಚೆನ್ನಾಗಿ ಬರುತ್ತಿತ್ತು. ಸಿಟ್ಟು ಬಂದರೆ ಕಂಪ್ಯೂಟರನ್ನು ತೆಲುಗಿನಲ್ಲೇ ಬೈಯುತ್ತಿದ್ದರು. ಹಾರ್ಡ್‌ಡಿಸ್ಕ್ ಕಟಕಟ ಎಂದರೆ ಸಾಕು, "ಏಮೈಂದಿರಾ ನೀಕು?", ಏನಾಯ್ತೋ ನಿನಗೆ, ಎಂದು ಗದರುವರು. ಮನುಷ್ಯರ ಮೇಲೆ ಅವರು ತೆಲುಗಿನಲ್ಲಾಗಲಿ ಕನ್ನಡದಲ್ಲಾಗಲಿ ದನಿ ಏರಿಸಿದ್ದನ್ನು ನಾನು ಕೇಳಿಲ್ಲ.

ಮೊದಲು ಗಂಗಾವತಿಯ ಒಂದು ಟೈಪಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದರಂತೆ. ನಮ್ಮ ಕಡೆ ಕಲಿಸುವ ಹೆಂಗಸರನ್ನು ಕರೆಯುವ ಅಕ್ಕಾರು ಎಂಬ ಹೆಸರು ಅಲ್ಲಿಂದ ಅವರ ಜೊತೆ ಬಂದದ್ದು. ಕೊಪ್ಪಳ ಜಿಲ್ಲೆಯಾದ ವರ್ಷ ನಮ್ಮ ಕಂಪನಿ ಇಲ್ಲಿ ಆಫೀಸು ತೆರೆಯಿತು. ಆಗ ಟೈಪಿಸ್ಟ್ ಆಗಿ ಸೇರಿದರು. ಸ್ವಲ್ಪ ದಿನಕ್ಕೆ ಹೈದರಾಬಾದಿನಿಂದ ಒಂದು ಯುನಿಕ್ಸ್ ಯಂತ್ರ ಬಂತು. ಕರಿ ಪರದೆ, ಬಿಳಿ ಅಕ್ಷರ, ಚಿತ್ರವಿಲ್ಲ, ಬಣ್ಣವಿಲ್ಲ. ಅದನ್ನು ಕೂಡಿಸಲು ಬಂದ ಇಂಜಿನಿಯರ್ ನಾಲ್ಕು ದಿನ ಇದ್ದು, ಒಂದು ಹಾಳೆಯಲ್ಲಿ ಹದಿನೈದಿಪ್ಪತ್ತು ಆಜ್ಞೆ ಬರೆದುಕೊಟ್ಟು ರೈಲು ಹತ್ತಿದ. ಆಫೀಸಿನ ಗಂಡಸರೆಲ್ಲ ಆ ಹಾಳೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದರು. ಅದು ಕೊನೆಗೆ ಬಂದು ನಿಂತದ್ದು ಅಕ್ಕಾರ ಮೇಜಿನ ಮೇಲೆ. ಟೈಪಿಂಗ್ ಬರುತ್ತದಲ್ಲ, ಇದೂ ಟೈಪಿಂಗೇ ಎಂದರಂತೆ ಮ್ಯಾನೇಜರು.

ಆ ಯಂತ್ರಕ್ಕೆ ಅಕ್ಕಾರು ಇಟ್ಟ ಹೆಸರು ಮೌನಿ. ಕೆಲಸ ಸರಿಯಾಗಿ ಮುಗಿದರೆ ಅದು ಏನೂ ಹೇಳುತ್ತಿರಲಿಲ್ಲ. ನಮ್ಮ ಮೇಜುಗಳ ಮೇಲಿದ್ದ ವಿಂಡೋಸ್ ಕಂಪ್ಯೂಟರುಗಳೋ, ಸೀನಿದರೂ ಒಂದು ಡಬ್ಬಿ ತೋರಿಸಿ ಹೌದೋ ಅಲ್ಲವೋ ಎಂದು ಕೇಳುತ್ತಿದ್ದವು. "ಈ ವಿಂಡೋಸಿಗೆ ಬಾಯಿ ಭಾಳ, ಅದಕ್ಕ ಬಾಯೇ ಇಲ್ಲ. ಎರಡನ್ನೂ ಒಂದs ಮನ್ಯಾಗ ಬಾಳಿವಿ ಮಾಡಸ್ಬೇಕು ನಾನು" ಎನ್ನುತ್ತಿದ್ದರು.

ಬಾಳುವೆ ಮಾಡಿಸುವುದೆಂದರೆ ಇಷ್ಟು. ಹೊಲಗಳ ವಿವರವೆಲ್ಲ ನಮ್ಮ ವಿಂಡೋಸ್ ಕಂಪ್ಯೂಟರುಗಳಲ್ಲಿ ಹಂಚಿಕೆಯ ಫೋಲ್ಡರುಗಳಲ್ಲಿ ಇರುತ್ತಿತ್ತು. ದಿನವೂ ಮಧ್ಯಾಹ್ನ ಒಂದೂವರೆಗೆ, ನಾವು ಬುತ್ತಿ ಬಿಚ್ಚುವ ಹೊತ್ತಿಗೆ, ಮೌನಿ ತಂತಿಯ ಮೂಲಕ ಆ ಫೋಲ್ಡರುಗಳನ್ನು ತೆರೆದು ಹೊಸದಾಗಿ ಬದಲಾದ ಫೈಲುಗಳ ನಕಲನ್ನು ತನ್ನೊಳಗೆ ಇಳಿಸಿಕೊಳ್ಳುತ್ತಿತ್ತು. ಊಟದ ಹೊತ್ತನ್ನೇ ಆರಿಸಿದ್ದು ಕರೆಂಟಿನ ದೆಸೆಯಿಂದ. ಆ ಒಂದು ತಾಸು ಮಾತ್ರ ಅದು ನಂಬಿಕೆಗೆ ಯೋಗ್ಯವಾಗಿತ್ತು.

ಒಮ್ಮೆ ಮ್ಯಾನೇಜರು ತಮ್ಮ ಕಂಪ್ಯೂಟರಿನ ಪಾಸ್‌ವರ್ಡ್ ಬದಲಿಸಿ ಯಾರಿಗೂ ಹೇಳಲಿಲ್ಲ. ಮೌನಿಗೆ ಆ ಕಡೆಯ ಬಾಗಿಲು ತೆರೆಯಲಿಲ್ಲ. ಆದರೂ ಅದು ತನ್ನ ಪಾಡಿಗೆ ಖಾಲಿ ಫೋಲ್ಡರಿನಿಂದ ಖಾಲಿಯನ್ನೇ ನಕಲು ಮಾಡುತ್ತ ಮೂರು ವಾರ ಸುಮ್ಮನಿತ್ತು. ಇದು ತಿಳಿದ ದಿನ ಅಕ್ಕಾರು ಊಟ ಮಾಡಲಿಲ್ಲವಂತೆ. ಮರುದಿನ ಎಲ್ಲರ ಫೋಲ್ಡರಿನಲ್ಲೂ ಒಂದು ಸಾಕ್ಷಿ ಫೈಲು ಇಟ್ಟರು. ಅದರಲ್ಲಿದ್ದದ್ದು ಅವರ ತಾಯಿ ಮಾದಲಿ ಮಾಡುತ್ತಿದ್ದ ಬಗೆ: ಗೋಧಿ ಎಷ್ಟು, ಬೆಲ್ಲ ಎಷ್ಟು, ಗಸಗಸೆ ಯಾವಾಗ. ಯುನಿಕ್ಸಿನಲ್ಲಿ ಕನ್ನಡ ಮೂಡುತ್ತಿರಲಿಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದರು. ಮೌನಿ ಮೊದಲು ಮಾದಲಿಯನ್ನು ಓದಬೇಕು. ಓದಲಾಗದಿದ್ದರೆ ಮುಂದೆ ಹೆಜ್ಜೆ ಇಡದೆ ಕಿರ್ ಎಂದು ಕೂಗಬೇಕು. ಬೆಳಿಗ್ಗೆ ಬಂದ ಕೂಡಲೇ ತಾವೂ ಒಮ್ಮೆ ಮೌನಿಯ ಪರದೆಯ ಮೇಲೆ ಅದನ್ನು ತೆರೆದು ನೋಡುತ್ತಿದ್ದರು.

ಅಷ್ಟಕ್ಕೂ ಅವರಿಗೆ ಸಮಾಧಾನವಾಗಲಿಲ್ಲ. ಅವರ ಮೇಜು ಇದ್ದದ್ದು ಪ್ರಯೋಗಾಲಯದ ಮೂಲೆಯಲ್ಲಿ. ತಂಪು ಗಾಳಿಯ ಯಂತ್ರ ಇದ್ದದ್ದು ಅಲ್ಲಿ ಮಾತ್ರ, ಅದೂ ಬೀಜಕ್ಕಾಗಿ. ಅಲ್ಲಿ ದಿನವಿಡೀ ಮೊಳಕೆ ಪರೀಕ್ಷೆ ನಡೆಯುತ್ತಿತ್ತು. ಮೂಟೆಯಿಂದ ನೂರು ಬೀಜ ತೆಗೆದು, ಒದ್ದೆ ಕಾಗದದಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವು ಎಂದು ಎಣಿಸುವುದು. ಬೀಜ ನೋಡಲು ಎಷ್ಟೇ ಚೆಂದವಿರಲಿ, ಮೊಳೆತರೆ ಮಾತ್ರ ಅದು ಬೀಜ. ಇದನ್ನು ನೋಡುತ್ತ ಕೂತ ಅಕ್ಕಾರು ತಮ್ಮ ನಕಲುಗಳಿಗೂ ಅದೇ ಪರೀಕ್ಷೆ ಹಚ್ಚಿದರು.

ಪ್ರತಿ ಶನಿವಾರ ಊಟವಾದ ಮೇಲೆ ಒಂದು ಬಿಸ್ಕೀಟಿನ ಡಬ್ಬಿ ಹೊರಗೆ ಬರುತ್ತಿತ್ತು. ಅದರಲ್ಲಿ ಎಲ್ಲ ಊರುಗಳ ಫೋಲ್ಡರಿನ ಹೆಸರು ಬರೆದ ಚೀಟಿಗಳು. ಚೀಟಿ ಎತ್ತುವವರು ಯಾರಾದರೂ ಸರಿ, ಚಹಾ ತಂದವನು, ಬೀಜ ಹಾಕಲು ಬಂದ ರೈತ, ದಾರಿ ಕೇಳಲು ಬಂದವನು. ತಾವು ಮಾತ್ರ ಎತ್ತುತ್ತಿರಲಿಲ್ಲ. "ನನ್ನ ಕೈ ಬ್ಯಾಡ. ನನ್ನ ಕೈಗೆ ಗೊತ್ತಿರತೈತಿ ಯಾವುದು ಛಲೋ ಐತಿ ಅಂತ." ಬಂದ ಚೀಟಿಯ ಫೈಲನ್ನು ಮೌನಿಯಿಂದ ಹೊರತೆಗೆದು, ಬೇರೆ ಖಾಲಿ ಕಂಪ್ಯೂಟರಿಗೆ ಹಾಕಿ, ತೆರೆದು, ಜೋರಾಗಿ ಓದುತ್ತಿದ್ದರು. ಓದಿದ್ದು ಸರಿ ಎಂದು ಆ ಊರಿನ ಹೊಲ ಬಲ್ಲವರು ಒಪ್ಪಬೇಕು. ಒಪ್ಪಿದರೆ ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವರು: ಮೊಳಕೆ ಬಂತು. ಆಮೇಲೆ ಉದ್ದನೆಯ ರಿಜಿಸ್ಟರ್. ಅದರಲ್ಲಿ ಐದು ಖಾನೆ: ದಿನಾಂಕ, ಊರು, ಮೊಳಕೆ ಬಂತೋ ಇಲ್ಲವೋ, ಬಾರದಿದ್ದರೆ ಕಾರಣ, ನೋಡಿದವರ ಸಹಿ.

ಹೊಸದಾಗಿ ಬಂದವರಿಗೆ ಇದು ಹುಚ್ಚಾಟದಂತೆ ಕಾಣುತ್ತಿತ್ತು. ನನಗೂ ಕಂಡಿತು. ದಿನಾ ನಕಲು ಆಗುತ್ತದೆ, ಯಂತ್ರವೇ ಸರಿ ಅನ್ನುತ್ತದೆ, ಮತ್ತೆ ಇದೇಕೆ ಎಂದು ಮೊದಲ ವಾರವೇ ಕೇಳಿದೆ. "ನಿಮ್ಮೂರಾಗ ಹಗೇವು ಇದ್ದುವಿಲ್ಲೋ ತಮ್ಮಾ, ನೆಲದಾಗ ಜ್ವಾಳ ತುಂಬೂವು? ಬಾಯಿಗೆ ಮಣ್ಣು ಮೆತ್ತಿ ಮ್ಯಾಲ ಕುಂತ್ರ ಜ್ವಾಳ ಉಳೀತಾವೇನು? ಆಗಾಗ ತಗದು ಮೂಸಿ ನೋಡಬೇಕು" ಎಂದರು.

ನಾನು ಕುಷ್ಟಗಿಯವನು. ಅಲ್ಲಿಯೇ ಕಂಪ್ಯೂಟರ್ ಕ್ಲಾಸು ಮುಗಿಸಿ, ಜಿಲ್ಲೆಯಾಗಿ ಐದಾರು ವರ್ಷಕ್ಕೆ, ದಸರೆಯ ಮರುವಾರ ಈ ಆಫೀಸಿಗೆ ಸೇರಿದೆ. ಆರು ತಿಂಗಳು ಕೆಲಸ ನೋಡಿ ಆಮೇಲೆ ಖಾಯಂ ಮಾಡುವುದೆಂದು ಮಾತಾಗಿತ್ತು. ಹನುಮಸಾಗರದ ಕಡೆಯ ಬೀಜದ ಹೊಲಗಳ ವಿವರ ದಾಖಲಿಸುವುದು ನನ್ನ ಪಾಲಿಗೆ ಬಂತು. ಬೀಜದ ಹೊಲ ಎಂದರೆ ಬರೀ ಹೊಲವಲ್ಲ. ಟೊಮೆಟೊದ ಹೆಣ್ಣು ಸಾಲಿನ ಒಂದೊಂದು ಹೂವನ್ನೂ ಬೆರಳಿನಿಂದ ಬಿಡಿಸಿ, ಗಂಡು ಸಾಲಿನ ಪರಾಗ ಮುಟ್ಟಿಸಬೇಕು. ಯಾವ ಹೆಣ್ಣಿಗೆ ಯಾವ ಗಂಡು, ಯಾವ ದಿನ ಮುಟ್ಟಿಸಿದ್ದು, ಪಕ್ಕದ ಹೊಲ ಎಷ್ಟು ದೂರ, ಎಲ್ಲವೂ ಬರೆದಿರಬೇಕು. ಏಕೆಂದರೆ ಬೀಜ ಗೋದಾಮಿಗೆ ಬಂದ ಮೇಲೆ ಟೊಮೆಟೊ ಬೀಜ ಟೊಮೆಟೊ ಬೀಜವೇ, ಯಾವುದು ಯಾವ ತಳಿ ಎಂದು ಕಣ್ಣಿಗೆ ಕಾಣುವುದಿಲ್ಲ. ದಾಖಲೆ ಹೋದರೆ ಬೀಜಕ್ಕೆ ಹೆಸರಿಲ್ಲ. ಹೆಸರಿಲ್ಲದ ಬೀಜವನ್ನು ಕಂಪನಿ ಸುಟ್ಟು ಹಾಕುತ್ತದೆ, ಬೆಳೆದವರ ಇಡೀ ಹಂಗಾಮಿನ ದುಡಿಮೆ ಬೂದಿ.

ಈ ಹೊಲಗಳ ನಕ್ಷೆಯನ್ನು ಮುಂಚೆ ಪೆನ್ಸಿಲಿನಲ್ಲಿ ಗೀಚುತ್ತಿದ್ದರು. ನಾನು ಒಂದು ಮಾಸಪತ್ರಿಕೆಯ ಜೊತೆ ಬಂದ ಸಿಡಿಯಿಂದ ನಕ್ಷೆ ಬಿಡಿಸುವ ಪ್ರೋಗ್ರಾಮ್ ಹಾಕಿಕೊಂಡೆ. ಹೆಣ್ಣು ಸಾಲಿಗೆ ಗುಲಾಬಿ, ಗಂಡು ಸಾಲಿಗೆ ನೀಲಿ, ಬದುವಿಗೆ ಹಸಿರು. ಮ್ಯಾನೇಜರು ನೋಡಿ ಹಿಗ್ಗಿದರು, ಹೈದರಾಬಾದಿಗೆ ಕಳಿಸಿದರು, ನಾಲ್ಕು ಜನರ ಮುಂದೆ ನನ್ನ ಬೆನ್ನು ತಟ್ಟಿದರು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ. ಆದರೆ ಆ ಪ್ರೋಗ್ರಾಮ್ ಪುಕ್ಕಟೆ ಕೆಲಸ ಮಾಡುವುದು ಮೂವತ್ತು ದಿನ ಮಾತ್ರ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಮೂವತ್ತೊಂದನೆಯ ದಿನ ಅದು ಬಾಗಿಲು ಹಾಕಿಕೊಂಡಿತು.

ಇದಕ್ಕೆ ಆಗ ಎಲ್ಲರಿಗೂ ಗೊತ್ತಿದ್ದ ಒಂದು ಉಪಾಯವಿತ್ತು. ಪರದೆಯ ಮೂಲೆಯ ಗಡಿಯಾರ ಒತ್ತಿ ಕಂಪ್ಯೂಟರಿನ ತಾರೀಖನ್ನು ಹಿಂದಕ್ಕೆ ಹಾಕುವುದು. ಇನ್ನೂ ಮೂವತ್ತು ದಿನ ಆಗಿಲ್ಲ ಎಂದು ಪ್ರೋಗ್ರಾಮ್ ನಂಬುತ್ತದೆ. ತಿಂಗಳು ತಿಂಗಳು ಯಾರು ಈ ರಗಳೆ ಮಾಡುತ್ತಾರೆಂದು ನಾನು ದಿನ, ತಿಂಗಳು ಹಾಗೇ ಬಿಟ್ಟು ವರ್ಷವನ್ನೇ ಒಂದು ಹಿಂದೆ ತಳ್ಳಿದೆ. ಮೂಲೆಯಲ್ಲಿ ಕಾಣುವುದು ಗಂಟೆ ಮಾತ್ರ, ವರ್ಷ ಯಾರಿಗೂ ಕಾಣುವುದಿಲ್ಲ. ಬಹಳ ಬುದ್ಧಿವಂತ ಎಂದುಕೊಂಡೆ.

ಮೌನಿಗೆ ಮಾತ್ರ ಕಂಡಿತು. ಅದು ನಕಲು ಮಾಡುತ್ತಿದ್ದದ್ದು ಹೊಸ ತಾರೀಖಿನ ಫೈಲುಗಳನ್ನು. ಅಂದಿನಿಂದ ನಾನು ಬರೆದದ್ದೆಲ್ಲ ಅದರ ಕಣ್ಣಿಗೆ ಒಂದು ವರ್ಷ ಹಳೆಯದು. ತನ್ನಲ್ಲಿರುವುದೇ ಹೊಸದೆಂದು ತಿಳಿದು ನನ್ನ ಫೋಲ್ಡರನ್ನು ದಿನವೂ ತೆರೆದು, ಮಾದಲಿ ಓದಿ, ಏನನ್ನೂ ಮುಟ್ಟದೆ ಮುಂದೆ ಹೋಗುತ್ತಿತ್ತು. ತಪ್ಪೇನೂ ಆಗಿಲ್ಲವಾದ್ದರಿಂದ ಎಂದಿನಂತೆ ಸುಮ್ಮನಿತ್ತು. ಇದು ನನಗೆ ಆಗ ತಿಳಿದಿರಲಿಲ್ಲ. ಅಲ್ಲಿಯವರೆಗಿನದನ್ನು ತಿಳಿಗೇಡಿತನ ಎನ್ನಬಹುದು.

ಮೂರು ತಿಂಗಳು ದಾಟಿತು. ಆ ಮೂರು ತಿಂಗಳಲ್ಲಿ ಹನುಮಸಾಗರದ ಚೀಟಿ ಒಂದು ಸಲವೂ ಏಳಲಿಲ್ಲ. ಫೆಬ್ರವರಿಯ ಒಂದು ಶನಿವಾರ ಅಕ್ಕಾರು ಡಬ್ಬಿ ತೆಗೆದಾಗ ಪ್ರಯೋಗಾಲಯದ ಬೆಂಚಿನ ಮೇಲೆ ಆ ಊರಿನ ಒಬ್ಬ ಹೆಣ್ಣುಮಗಳು ಕೂತಿದ್ದರು. ತಮ್ಮ ಬೀಜದ ಪರೀಕ್ಷೆ ಏನಾಯಿತೆಂದು ಕೇಳಲು ಬಂದವರು. ಬಸವ್ವ ಎಂದು ಹೆಸರು. ಅಕ್ಕಾರು ಚೀಟಿ ಎತ್ತಲು ಅವರನ್ನೇ ಕರೆದು, ಇದು ಯಾತಕ್ಕೆ ಎಂದು ಬಿಡಿಸಿ ಹೇಳಿದರು. ಬಸವ್ವ ಡಬ್ಬಿಗೆ ಕೈ ಹಾಕಲಿಲ್ಲ.

"ಚೀಟಿ ಯಾಕ್ರಿ ಬಾಯಾರ? ನಾ ಇಲ್ಲೇ ಕುಂತೀನಲ್ಲ, ನನ್ನ ಹೊಲಾನs ತಗದು ಓದ್ರಿ."

ಅಕ್ಕಾರು ಒಂದು ಗಳಿಗೆ ಯೋಚಿಸಿ, ನಕ್ಕು, ಒಪ್ಪಿದರು. ಫೈಲು ತೆಗೆದು ಓದಿದರು. ಬಿತ್ತಿದ ದಿನ ಸರಿ, ಸಸಿ ನಾಟಿದ ದಿನ ಸರಿ. ಹೂವು ಮುಟ್ಟಿಸಿದ ವಿವರ: ಇನ್ನೂ ಪ್ರಾರಂಭವಾಗಿಲ್ಲ.

ಬಸವ್ವ ಬಾಯಿಗೆ ಸೆರಗು ಹಿಡಿದು ನಗಲು ಹತ್ತಿದರು. "ನಾಕು ಮಂದಿ ಹೆಣ್ಮಕ್ಕಳನ್ನ ಹಚ್ಚಿ ಒಂದೂವರಿ ತಿಂಗಳು ಒಂದೊಂದು ಹೂವಾ ಮುಟ್ಟೀನ್ರಿ. ಹಣ್ಣು ಆಗಿ, ಬೀಜಾ ಆಗಿ, ನಿಮ್ಮ ಗೋದಾಮಿನ್ಯಾಗ ಬಿದ್ದಾವ. ನಿಮ್ಮ ಪೆಟಗ್ಯಾಗ ಇನ್ನಾ ಹೂವs ಬಿಟ್ಟಿಲ್ಲೇನ್ರಿ?"

ಎಲ್ಲರೂ ನಕ್ಕರು, ಅಕ್ಕಾರೊಬ್ಬರನ್ನು ಬಿಟ್ಟು. ಅವರ ಮುಖ ಬಿಳಿಚಿಕೊಂಡಿತ್ತು. ಹಲಗೆಯ ಹತ್ತಿರ ಹೋಗಿ, ಎಲ್ಲರಿಗೂ ಕಾಣುವ ಹಾಗೆ ದೊಡ್ಡ ಅಕ್ಷರದಲ್ಲಿ ಬರೆದರು: ಮೊಳಕೆ ಬರಲಿಲ್ಲ. ಮುಚ್ಚಿಡಬಹುದಿತ್ತು. ಅವರಿಗೆ ಆ ಅಭ್ಯಾಸ ಇರಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿದರು. "ತಮ್ಮಾ, ಮೊದಲ ಉಳಸೂದು, ಆಮ್ಯಾಲ ಹುಡುಕೂದು. ಏಳು." ನನ್ನ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ, ಹೊಸದು ಹಳೆಯದು ನೋಡದೆ, ತಾರೀಖು ಇದ್ದದ್ದು ಇದ್ದ ಹಾಗೇ ಇರಲಿ ಎನ್ನುತ್ತ, ಮೌನಿಯಲ್ಲಿ ಒಂದು ಬೇರೆ ಫೋಲ್ಡರಿಗೆ ತುಂಬಿದರು. ಸಂಜೆ ಐದಾಯಿತು. ಮುಗಿದ ಮೇಲೆ ಚಹಾ ಕುಡಿಯಲು ಹೊರಗೆ ಹೋದರು.

ತಾರೀಖು ಎಂಬ ಮಾತು ಕಿವಿಗೆ ಬಿದ್ದಾಗಲೇ ನನಗೆ ಎಲ್ಲ ಹೊಳೆದಿತ್ತು. ಅವರು ಚಹಾ ಕುಡಿದು ಬರುವಷ್ಟರಲ್ಲಿ ನಾನು ಆ ಪ್ರೋಗ್ರಾಮ್ ತೆಗೆದುಹಾಕಿ ಗಡಿಯಾರವನ್ನು ಸರಿಯಾದ ವರ್ಷಕ್ಕೆ ತಂದಿಟ್ಟೆ. ಇದು ತಿಳಿಗೇಡಿತನವಲ್ಲ.

ಸೋಮವಾರದಿಂದ ಅಕ್ಕಾರು ಹುಡುಕಲು ಕೂತರು. ಮೊದಲು ತಂತಿ. ನನ್ನ ಮೇಜಿನ ಕೆಳಗೆ ಮಂಡಿಯೂರಿ, ತುರುಬಿನ ಸ್ಕ್ರೂಡ್ರೈವರ್ ತೆಗೆದು, ತಂತಿಯ ತುದಿ ಕತ್ತರಿಸಿ ಹೊಸದು ಹಾಕಿದರು. ಆಮೇಲೆ ಪಾಸ್‌ವರ್ಡ್. ಆಮೇಲೆ ಓದಲು ಬರೆಯಲು ಯಾರಿಗೆ ಅನುಮತಿ ಎಂಬ ಪಟ್ಟಿ. ನನ್ನ ಫೋಲ್ಡರಿನಲ್ಲಿ ಒಂದು ಹೊಸ ಫೈಲು ಬರೆದು ಮೌನಿಗೆ ಕಳಿಸಿ ನೋಡಿದರು. ಸರಾಗವಾಗಿ ಹೋಯಿತು. ಹೋಗಲೇಬೇಕು, ಗಡಿಯಾರ ಸರಿಯಾಗಿತ್ತಲ್ಲ. ರೋಗ ಇದೆ, ಲಕ್ಷಣ ಮಾಯ. ಅವರು ಪದೇ ಪದೇ ಕನ್ನಡಕ ಒರೆಸಿಕೊಳ್ಳುತ್ತಿದ್ದರು. "ಏಮೈಂದಿರಾ ನೀಕು?" ಎಂದು ಮೌನಿಯನ್ನು ಕೇಳಿದರು. ಈ ಸಲ ಗದರಿಕೆ ಇರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು. ನಾನು ಅವರಿಗೆ ಬ್ಯಾಟರಿ ಹಿಡಿದು ಬೆಳಕು ತೋರಿಸುತ್ತಿದ್ದೆ. ನಾಲ್ಕು ದಿನ ತೋರಿಸಿದೆ.

ಅದೇ ದಿನಗಳಲ್ಲಿ ಮ್ಯಾನೇಜರು ಅಕ್ಕಾರನ್ನು ಸಿಸ್ಟಮ್ ಇನ್‌ಚಾರ್ಜ್ ಮಾಡಬೇಕೆಂದು ಹೈದರಾಬಾದಿಗೆ ಬರೆದಿದ್ದರು. ಅದು ಎಲ್ಲರಿಗೂ ಗೊತ್ತಿತ್ತು. ಅಕ್ಕಾರಿಗೂ ಒಳಗೊಳಗೆ ಹಿಗ್ಗು. ಮೇಜಿನ ಮೇಲಿನ ಟೈಪಿಸ್ಟ್ ಎಂಬ ಹಲಗೆ ತೆಗೆದು ಹೊಸ ಹಲಗೆ ಬರೆಸಲು ಪೇಂಟರನ್ನು ಕೂಡ ವಿಚಾರಿಸಿದ್ದರಂತೆ, ಅದನ್ನು ಆಮೇಲೆ ಚಹಾದವನು ಹೇಳಿದ.

ಗುರುವಾರ ಮಧ್ಯಾಹ್ನ ಅಕಾಲದ ಗುಡುಗು ಬಂತು. ಒಂದು ಸಿಡಿಲು ಹತ್ತಿರದಲ್ಲೇ ಎಲ್ಲೋ ಬಿತ್ತು, ನನ್ನ ಕಂಪ್ಯೂಟರಿನಿಂದ ಸುಟ್ಟ ವಾಸನೆ. ಡಿಸ್ಕ್ ಹೋಯಿತು. ಹನುಮಸಾಗರದ ಎಲ್ಲ ಹೊಲಗಳ ವಿವರ ಈಗ ಉಳಿದದ್ದು ಶನಿವಾರ ಅಕ್ಕಾರು ತುಂಬಿಟ್ಟ ಆ ಒಂದು ಫೋಲ್ಡರಿನಲ್ಲಿ ಮಾತ್ರ. ಅಂದು ಹುಡುಕಿ ಆಮೇಲೆ ಉಳಿಸುತ್ತೇನೆ ಎಂದಿದ್ದರೆ ಬಸವ್ವನ ಹಂಗಾಮು ಬೂದಿಯಾಗುತ್ತಿತ್ತು. ನನ್ನ ಮನಸ್ಸಿಗೆ ಮೊದಲು ಬಂದದ್ದು ಅದಲ್ಲ. ಗಡಿಯಾರವೂ ಸುಟ್ಟಿತು, ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂದು. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಶುಕ್ರವಾರ ಬೆಳಿಗ್ಗೆ ಅಕ್ಕಾರು ನನ್ನ ಮೇಜಿಗೆ ಬಂದರು. ಕೈಯಲ್ಲಿ ಉದ್ದನೆಯ ಪ್ರಿಂಟ್. ಉಳಿಸಿಟ್ಟ ಫೈಲುಗಳ ಹೆಸರು, ಪಕ್ಕದಲ್ಲಿ ಒಂದೊಂದರ ತಾರೀಖು. ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಈ ಫೈಲ್ ಬರದದ್ದು ಹ್ವಾದ ವರ್ಷ ಜನವರಿ ಇಪ್ಪತ್ತಕ್ಕ ಅಂತ ಐತಿ. ಆವಾಗ ನೀ ಎಲ್ಲಿದ್ದಿ ತಮ್ಮಾ?"

"ಕುಷ್ಟಗ್ಯಾಗ ಇದ್ನಿರಿ ಅಕ್ಕಾರ."

"ಇಲ್ಲಿಗೆ ಬಂದೇ ಇದ್ದಿಲ್ಲ?"

"ಇಲ್ರಿ."

ಅವರು ಕಾದರು. ಪ್ರಯೋಗಾಲಯದ ತಂಪು ಯಂತ್ರದ ಸದ್ದು ಕೇಳುತ್ತಿತ್ತು. ನನಗೆ ಹೇಳಲು ಅವರು ಕೊಟ್ಟ ಹೊತ್ತು ಅದು. ಖಾಯಂ ಆಗಲು ಇನ್ನು ಎರಡು ತಿಂಗಳಿತ್ತು. ನಾಲಿಗೆಗೆ ಬಂದದ್ದನ್ನು ಆಡಿಬಿಟ್ಟೆ. "ಲೈಟ್ ಹೋಗಿ ಬಂದು ಮಾಡಿ, ಒಳಗಿನ ಬ್ಯಾಟರಿ ವೀಕ್ ಆಗಿತ್ತು ಕಾಣ್ತೈತ್ರಿ. ಗಡಿಯಾರ ಹಿಂದ ಹೋಗಿರ್ಬೇಕು."

ಬ್ಯಾಟರಿ ಸತ್ತರೆ ಗಡಿಯಾರ ಎಲ್ಲ ಮರೆತು, ಯಂತ್ರ ಹುಟ್ಟಿದ ಕಾಲದ ಜನವರಿ ಒಂದಕ್ಕೆ ಹೋಗುತ್ತದೆ. ದಿನ, ತಿಂಗಳು ನೆನಪಿಟ್ಟುಕೊಂಡು ವರ್ಷ ಒಂದನ್ನೇ ಮರೆಯುವುದಿಲ್ಲ. ಇದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಪ್ರಿಂಟನ್ನು ಮಡಚಿದರು.

"ಹೌದೇನ್ರಿ? ನೀವು ಅಂತೀರಿ ಅಂದ್ರ ಹಂಗs ಇರಬೇಕ್ರಿ."

ಅಲ್ಲಿಯವರೆಗೆ ನಾನು ಅವರಿಗೆ ತಮ್ಮ, ನೀ. ಅಂದಿನಿಂದ ನೀವು. ಮುಂದೆ ಹನ್ನೆರಡು ವರ್ಷ ಜೊತೆಗೆ ಕೆಲಸ ಮಾಡಿದೆವು, ಅದು ಬದಲಾಗಲಿಲ್ಲ. ಆಫೀಸಿನಲ್ಲಿ ಉಳಿದವರು ಇದನ್ನು ಮರ್ಯಾದೆ ಎಂದುಕೊಂಡರು.

ಆ ಮಧ್ಯಾಹ್ನ ಮ್ಯಾನೇಜರು ಅವರನ್ನು ಒಳಗೆ ಕರೆದರು. ಬಾಗಿಲು ಅರ್ಧ ತೆರೆದಿತ್ತು, ನಾನು ಹೊರಗೆ ಇದ್ದೆ. ಮೂರು ತಿಂಗಳು ನಕಲು ಯಾಕೆ ಆಗಲಿಲ್ಲ ಎಂದು ಹೈದರಾಬಾದಿನವರಿಗೆ ಬರೆದು ಕೊಡಬೇಕಿತ್ತು.

"ಕಾರಣ ಗೊತ್ತಾಗೇತ್ರಿ ಸಾಹೇಬ್ರ. ಮತ್ತ ಹಂಗ ಆಗಲಾರದಂಗ ಮಾಡೀನಿ. ಇನ್ನ ಮ್ಯಾಲ ತಾರೀಖು ನಂಬೂದಿಲ್ಲ, ಫೈಲಿನ ಒಳಗ ಏನೈತಿ ಅದನ್ನs ಹೋಲಿಸಿ ನೋಡತೈತಿ."

"ಅದು ಸರಿ. ಕಾರಣ ಏನು?"

"ಅದನ್ನ ಬರಿಯಾಕ ಬರೂದಿಲ್ರಿ."

"ಗೊತ್ತೈತಿ ಅಂತೀರಿ, ಬರಿಯಾಕ ಬರೂದಿಲ್ಲ ಅಂತೀರಿ. ಕಾರಣ ಬರೀಲಾರದವರನ್ನ ಇನ್‌ಚಾರ್ಜ್ ಮಾಡ್ರಿ ಅಂತ ನಾ ಯಾವ ಬಾಯಿಲೆ ಕೇಳ್ಲಿ?"

ಬಾಗಿಲಿನಿಂದ ನನಗೆ ನಾಲ್ಕು ಹೆಜ್ಜೆ ದೂರ. ಒಳಗೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಚಹಾದ ಅಂಗಡಿಗೆ ಹೋದೆ.

ಅಕ್ಕಾರು ನನ್ನ ಹೆಸರು ಹೇಳಿದ್ದರೆ ಮ್ಯಾನೇಜರು ನನ್ನನ್ನು ಅಂದೇ ಮನೆಗೆ ಕಳಿಸುತ್ತಿದ್ದರು. ಸುಳ್ಳು ಬ್ಯಾಟರಿಯ ಕಥೆ ಬರೆದಿದ್ದರೆ ಅವರಿಗೆ ಹುದ್ದೆ ಸಿಗುತ್ತಿತ್ತು. ಎರಡನ್ನೂ ಮಾಡಲಿಲ್ಲ. ಹೊರಗಿನಿಂದ ಒಬ್ಬ ಇನ್‌ಚಾರ್ಜ್ ಬಂದ. ಅವನಿಗೆ ಮೌನಿಯ ಭಾಷೆ ಬರುತ್ತಿರಲಿಲ್ಲ, ಅಕ್ಕಾರೇ ಕೂತು ಕಲಿಸಿದರು. ಬಸವ್ವನ ಬೀಜ ನೂರಕ್ಕೆ ತೊಂಬತ್ತೆರಡು ಮೊಳೆತು ಪಾಸಾಯಿತು. ಅವರು ಒಂದು ಡಬ್ಬಿ ಶೇಂಗಾ ಹೋಳಿಗೆ ತಂದು ಅಕ್ಕಾರ ಮೇಜಿನ ಮೇಲಿಟ್ಟು, "ನಿಮ್ಮ ಪೆಟಗ್ಯಾಗ ಹೂವು ಬಿಟ್ಟೂವಲ್ರಿ?" ಎಂದು ನಕ್ಕರು. ಅಕ್ಕಾರು ಎಲ್ಲರಿಗೂ ಹಂಚಿದರು, ನನಗೂ ಕೊಟ್ಟರು. ನಾಚಿಕೆಗೆಟ್ಟು ಎರಡು ತಿಂದೆ.

ನಾನು ಖಾಯಂ ಆದೆ. ಅಕ್ಕಾರು ನನಗೆ ಕಲಿಸುವುದನ್ನು ನಿಲ್ಲಿಸಲಿಲ್ಲ, ಇದು ಎಲ್ಲಕ್ಕಿಂತ ಕಷ್ಟವಾಗಿತ್ತು. ಮೌನಿಯ ಒಂದೊಂದು ಆಜ್ಞೆಯನ್ನೂ, ಎರಡು ಬಗೆಯ ಯಂತ್ರಗಳು ಎಲ್ಲೆಲ್ಲಿ ಜಗಳಾಡುತ್ತವೆ ಎಂಬುದನ್ನೂ, ನೋಡ್ರಿ ಹಿಂಗ್ರಿ ಎಂದು ತೋರಿಸಿಕೊಟ್ಟರು. ಯಲಬುರ್ಗಾದ ಶಾಖೆಗೆ ತಂತಿ ಎಳೆಯಲು ಹೋದಾಗ ತಳಕಲ್ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ ಎರಡು ತಾಸು ಕೂತೆವು, ಬೇರೆ ಯಾರೂ ಇರಲಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಶೇಂಗಾ ಕೊಳ್ಳೋಣವೇ ಎಂದು ಕೇಳಿದೆ. ಕೊಳ್ಳಿರಿ ಎಂದರು.

ನಿವೃತ್ತಿಯ ದಿನ ಶಾಲು, ಹಾರ, ಭಾಷಣ ಎಲ್ಲ ಮುಗಿದ ಮೇಲೆ ನನ್ನನ್ನು ಪ್ರಯೋಗಾಲಯಕ್ಕೆ ಕರೆದು ಬಿಸ್ಕೀಟಿನ ಡಬ್ಬಿ, ರಿಜಿಸ್ಟರ್ ಎರಡನ್ನೂ ಕೈಗಿಟ್ಟರು. ಅಷ್ಟು ಹೊತ್ತಿಗೆ ಅದು ನಾಲ್ಕು ಪುಸ್ತಕವಾಗಿತ್ತು, ದಾರದಿಂದ ಕಟ್ಟಿದ್ದರು. "ಮೊದಲನೇ ಪುಸ್ತಕದಾಗ ಒಂದು ಸಾಲು ಅರ್ಧ ಖಾಲಿ ಐತ್ರಿ. ನಿಮಗ ಬಂದಾಗ ತುಂಬ್ರಿ" ಎಂದರು. ತುರುಬಿನಿಂದ ಸ್ಕ್ರೂಡ್ರೈವರ್ ತೆಗೆದು ಡಬ್ಬಿಯೊಳಗೆ ಹಾಕಿದರು.

ಅವರು ಹೋದ ಮೇಲೆ ತೆರೆದು ನೋಡಿದೆ. ಅಷ್ಟೂ ವರ್ಷದಲ್ಲಿ ಮೊಳಕೆ ಬಾರದ ಶನಿವಾರಗಳು ಹತ್ತಾರು ಇದ್ದವು. ಎಲ್ಲದರ ಮುಂದೆಯೂ ಅವರ ದುಂಡನೆಯ ಅಕ್ಷರದಲ್ಲಿ ಕಾರಣ ಇತ್ತು: ಪಾಸ್‌ವರ್ಡ್ ಬದಲು, ಇಲಿ ತಂತಿ ಕಡಿದದ್ದು, ಡಿಸ್ಕ್ ಭರ್ತಿ, ನನ್ನ ಮರೆವು. ನನ್ನ ಮರೆವು ಎಂದು ಮೂರು ಕಡೆ ಇತ್ತು. ಹನುಮಸಾಗರದ ಸಾಲಿನಲ್ಲಿ ಮಾತ್ರ ಕಾರಣದ ಖಾನೆಯೂ ಸಹಿಯ ಖಾನೆಯೂ ಖಾಲಿ. ನಾನು ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟೆ. ಅವರು ಬದುಕಿರುವಷ್ಟು ದಿನ ಅದನ್ನು ಮತ್ತೆ ತೆರೆಯಲಿಲ್ಲ. ಕಾರಟಗಿ ಎಷ್ಟು ದೂರ? ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರಬಹುದು. ಹೋಗಲಿಲ್ಲ. ಇನ್ನೊಮ್ಮೆ ಅವರ ಬಾಯಿಂದ ತಮ್ಮಾ ಎನ್ನಿಸಿಕೊಳ್ಳಬೇಕೆಂಬ ಆಸೆ ಇತ್ತು, ಅದಕ್ಕೆ ಬೇಕಾದ ಧೈರ್ಯ ಇರಲಿಲ್ಲ.

ಈಗ ನಾನೇ ಸಿಸ್ಟಮ್ ಇನ್‌ಚಾರ್ಜ್. ಮೇಜಿನ ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ ನನ್ನ ಹೆಸರಿದೆ. ಮೌನಿ ಗುಜರಿಗೆ ಹೋಗಿ ಅದರ ಜಾಗದಲ್ಲಿ ಅದರ ಮೊಮ್ಮಗನಂಥ ಒಂದು ಯಂತ್ರ ಬಂದಿದೆ, ಮಾದಲಿಯ ಫೈಲು ಮಾತ್ರ ಹಾಗೇ ಇದೆ.

ಸುದ್ದಿ ತಿಳಿದ ವಾರದ ಶನಿವಾರ ಮೊದಲನೇ ಪುಸ್ತಕ ತೆಗೆದೆ. ಕಾರಣದ ಖಾನೆಯಲ್ಲಿ ಬರೆದೆ: ಕಂಪ್ಯೂಟರಿನ ವರ್ಷವನ್ನು ನಾನೇ ಹಿಂದಕ್ಕೆ ಇಟ್ಟಿದ್ದೆ, ಗೊತ್ತಾದ ಮೇಲೆ ಮುಚ್ಚಿಟ್ಟೆ, ಬ್ಯಾಟರಿ ಎಂದು ಸುಳ್ಳು ಹೇಳಿದೆ. ಕೆಳಗೆ ನನ್ನ ಹೆಸರು ಬರೆದೆ. ಖಾನೆ ಸಾಲದೆ ಅಂಚಿನವರೆಗೂ ಹೋಯಿತು. ಸಹಿಗೆ ಇನ್ನೊಬ್ಬರು ಬೇಕು, ಬರೆದವರೇ ನೋಡಿದವರಾಗಬಾರದು ಎಂದು ಅಕ್ಕಾರ ನಿಯಮ. ಪ್ರಯೋಗಾಲಯದಲ್ಲಿ ಬೀಜ ಎಣಿಸುತ್ತಿದ್ದ ಸಹೋದ್ಯೋಗಿ ರೇಷ್ಮಾ ಅವರನ್ನು ಕರೆದೆ. ಅವರು ಅಕ್ಕಾರ ಕೊನೆಯ ಎರಡು ವರ್ಷ ಜೊತೆಗಿದ್ದವರು. ನಿಂತುಕೊಂಡೇ ಓದಿದರು. ಎರಡು ಸಲ ಓದಿದರು. ಗೋಡೆಯ ಹಲಗೆಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು.

"ಇಷ್ಟು ವರ್ಷ ಯಾಕ ಬರದಿದ್ದಿಲ್ರಿ ಸರ್?"

ನಾನು ಪೆನ್ನನ್ನು ಅವರ ಕಡೆ ಚಾಚಿದೆ. ಅವರು ಮತ್ತೆ ಕೇಳಲಿಲ್ಲ, ಪೆನ್ನು ತೆಗೆದುಕೊಂಡರು. ಸಹಿ ಮಾಡಿ ಅದರ ಕೆಳಗೆ ಬಂದು ತಡೆದರು.

"ತಾರೀಖು ಯಾವುದು ಹಾಕ್ಲಿರಿ ಸರ್? ಅವತ್ತಿಂದೋ, ಇವತ್ತಿಂದೋ?"

"ಇವತ್ತಿಂದು ಹಾಕ್ರಿ" ಎಂದೆ.